ಕಡಲ ಮೊಲದ ಕರುಳು

ಶಿವಪುತ್ರಪ್ಪ ಕಡಲ ಮೊಲದ ಮೇಲೆ ಎರಡು ವರ್ಷ ಸಂಶೋಧನೆ ಮಾಡಿದ. ಆ ಎರಡು ವರ್ಷಗಳಲ್ಲಿ ಅವನು ಒಂದು ಕಡಲ ಮೊಲವನ್ನೂ ಕೊಯ್ಯಲಿಲ್ಲ. ಇನ್ನೊಬ್ಬರು ಕೊಯ್ಯುವುದನ್ನು ಕಣ್ಣೆತ್ತಿ ನೋಡಲೂ ಇಲ್ಲ. ಪುಣೆಯ ಅವನ ಕಾಲೇಜಿನಲ್ಲಿ ಈ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಅವನೇ. ಇನ್ನೊಬ್ಬ ಜೀವಶಾಸ್ತ್ರ ವಿಭಾಗದ ಹಮಾಲ ಫಕೀರಪ್ಪ.

ಕಡಲ ಮೊಲ ಎಂದರೆ ಮೊಲವಲ್ಲ. ಬಸವನಹುಳುವಿನ ಜಾತಿಯದು, ಆದರೆ ಬೆನ್ನಮೇಲೆ ಚಿಪ್ಪಿನ ಗೂಡಿಲ್ಲ. ಅಂಗೈಯಷ್ಟು ಉದ್ದ, ಮುಟ್ಟಿದರೆ ಜಾರುವ ಮೈ, ತಲೆಯ ಮೇಲೆ ಮೊಲದ ಕಿವಿಯ ಹಾಗೆ ನಿಂತ ಎರಡು ಕೊಂಬು. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಪಾಚಿ ಮೇಯುತ್ತಿರುತ್ತದೆ. ಕೆಣಕಿದರೆ ನೇರಳೆ ಮಸಿ ಕಕ್ಕುತ್ತದೆ. ಕೊಂಕಣ ಕರಾವಳಿಯ ಮಾಲವಣದ ಮೀನುಗಾರರು ಅದನ್ನು ತಿನ್ನುವುದಿಲ್ಲ, ಬಲೆಗೆ ಬಂದರೆ ಕಾಲಿನಿಂದ ನೂಕುತ್ತಾರೆ. ಯಾವ ದೊಡ್ಡ ಮೀನೂ ಅದನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಮೆತ್ತನ್ನ, ನಿಧಾನದ, ಹಲ್ಲು ಉಗುರುಗಳಿಲ್ಲದ ಪ್ರಾಣಿ ಸಮುದ್ರದಲ್ಲಿ ಬದುಕಿ ಉಳಿದಿದೆಯೆಂದರೆ ಅದರ ಮೈಯೊಳಗೆ ಏನೋ ಇರಬೇಕು. ಆ ಏನೋ ಏನೆಂದು ಕಂಡುಹಿಡಿಯುವುದೇ ಶಿವಪುತ್ರಪ್ಪನ ಎಂ.ಎಸ್ಸಿ. ಪ್ರಬಂಧದ ವಿಷಯ. ಕೊಟ್ಟವರು ರಸಾಯನಶಾಸ್ತ್ರದ ಪ್ರೊಫೆಸರ್ ಮಾರ್ತಾಂಡರಾವ್ ಪರಚುರೆ. ಮೆಡಿಟರೇನಿಯನ್ ಸಮುದ್ರದ ಶಂಖದ ಹುಳುವಿನಿಂದ ತೆಗೆಯುವ ನೇರಳೆ ಬಣ್ಣದಲ್ಲಿ ಬ್ರೋಮಿನ್ ಇದೆಯೆಂದು ಜರ್ಮನ್ ರಸಾಯನಜ್ಞರು ಕಾಲು ಶತಮಾನದ ಹಿಂದೆಯೇ ತೋರಿಸಿದ್ದರು. ಕೊಂಕಣದ ಹುಳುವಿನಲ್ಲೂ ಅಂಥದೊಂದು ಸಿಕ್ಕರೆ ಪುಣೆಯ ಹೆಸರು ವಿಲಾಯತಿಯ ಪತ್ರಿಕೆಗಳಲ್ಲಿ ಬರುತ್ತದೆ ಎಂಬುದು ಪರಚುರೆಯವರ ಲೆಕ್ಕ.

ಶಿವಪುತ್ರಪ್ಪ ಬೈಲಹೊಂಗಲದವನು. ಅವನ ಚಿಕ್ಕಪ್ಪ, ಕಾಕಾ ಮುರುಗೆಪ್ಪನವರಿಗೆ ಪುಣೆಯ ಭವಾನಿ ಪೇಟೆಯಲ್ಲಿ ಮೆಣಸಿನಕಾಯಿ ದಾಸ್ತಾನಿನ ವಖಾರಿ ಇತ್ತು. ಅವರ ಮನೆಯಲ್ಲೇ ಉಂಡು, ಮಲಗಿ, ಬಿ.ಎಸ್ಸಿ.ಯಲ್ಲಿ ಮೊದಲ ದರ್ಜೆ ಪಡೆದಿದ್ದ. ಪ್ರೊಫೆಸರರು ವಿಷಯ ಹೇಳಿದಾಗ ಅವನ ಮನಸ್ಸು ಹಿಗ್ಗಿತು, ಕೈ ಹಿಂಜರಿಯಿತು. ಪ್ರತಿ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುವ ಕೈ ಅದು. ಅವನು ಯಾವ ಮಠದ ಸ್ವಾಮಿಗಳನ್ನೂ ಕೇಳಲಿಲ್ಲ, ಕಾಕಾನನ್ನೂ ಕೇಳಲಿಲ್ಲ. ತಾನೇ ಒಂದು ಕಟ್ಟಳೆ ಮಾಡಿಕೊಂಡ: ಚಾಕು ಹಿಡಿಯುವುದಿಲ್ಲ, ಕೊಯ್ಯುವುದನ್ನು ನೋಡುವುದಿಲ್ಲ, ಬಾಟಲಿಯೊಳಗೆ ಬಂದ ಮೇಲೆ ಅದು ಪ್ರಾಣಿಯಲ್ಲ, ರಸಾಯನ. ಈ ಕಟ್ಟಳೆಯನ್ನು ಪರಚುರೆಯವರಿಗೆ ಹೇಳಲಿಲ್ಲ. ಹೇಳಿದರೆ ಜೊತೆಯ ಹುಡುಗರು ನಗುತ್ತಾರೆ, ವಿಷಯ ಬೇರೆಯವನ ಪಾಲಾಗುತ್ತದೆ.

ಹಾಗಾಗಿ ಅವನಿಗೆ ಫಕೀರಪ್ಪ ಬೇಕಾದ. ಪುಣೆಯ ಕಾಲೇಜುಗಳಲ್ಲಿ ಪ್ರಯೋಗಾಲಯದ ಜವಾನನನ್ನು ಹಮಾಲ ಎಂದೇ ಕರೆಯುವುದು. ಫಕೀರಪ್ಪ ನವಲಗುಂದದ ಕಡೆಯವನು, ವಯಸ್ಸು ನಲವತ್ತೈದರ ಹತ್ತಿರ. ಹದಿನೈದು ವರ್ಷ ಕಪ್ಪೆ, ಜಿರಳೆ, ಎರೆಹುಳು ಕೊಯ್ದು ಹಲಗೆಗೆ ಗುಂಡುಸೂಜಿ ಚುಚ್ಚಿ ವಿದ್ಯಾರ್ಥಿಗಳಿಗೆ ತೋರಿಸಿದ ಕೈ. ನರ ಹರಿಯದಂತೆ ಚರ್ಮ ಬಿಡಿಸುವುದರಲ್ಲಿ ಡೆಮಾನ್‌ಸ್ಟ್ರೇಟರುಗಳೂ ಅವನ ಸಮಕ್ಕೆ ಬರುತ್ತಿರಲಿಲ್ಲ. ಚಾಕು ಕತ್ತರಿಗಳ ಪೆಟ್ಟಿಗೆಯ ಕೀಲಿಕೈ ಅವನ ಸೊಂಟದ ಉಡದಾರದಲ್ಲೇ ಇರುತ್ತಿತ್ತು. ದಿನವಿಡೀ ಮರಾಠಿಯಲ್ಲಿ ನಡೆಯುವ ಕಟ್ಟಡದಲ್ಲಿ ಕನ್ನಡ ಆಡುವವರು ಇವರಿಬ್ಬರೇ.

೧೯೩೫ರ ಡಿಸೆಂಬರಿನಲ್ಲಿ ಇಬ್ಬರೂ ರೈಲಿನಲ್ಲಿ ಕೊಲ್ಹಾಪುರಕ್ಕೆ, ಅಲ್ಲಿಂದ ಮೋಟಾರಿನಲ್ಲಿ ಘಟ್ಟ ಇಳಿದು ಮಾಲವಣಕ್ಕೆ ಹೋದರು. ಒಂದು ಕೊಬ್ಬರಿ ವಖಾರಿ ಬಾಡಿಗೆಗೆ ಸಿಕ್ಕಿತು. ಬೆಳಿಗ್ಗೆ ಇಳಿತದಲ್ಲಿ ಫಕೀರಪ್ಪ ಮೊಣಕಾಲು ನೀರಲ್ಲಿ ನಿಂತು ಬಾಲ್ದಿ ತುಂಬುವುದು, ಮಧ್ಯಾಹ್ನ ಕೊಯ್ಯುವುದು. ವಖಾರಿಯಲ್ಲಿ ಎರಡು ಮೇಜು ಹಾಕಿದ್ದರು. ಒಂದರ ಮುಂದೆ ಫಕೀರಪ್ಪ, ಅವನಿಗೆ ಬೆನ್ನು ಕೊಟ್ಟು ಇನ್ನೊಂದರ ಮುಂದೆ ಶಿವಪುತ್ರಪ್ಪ. ಫಕೀರಪ್ಪ ಕೊಯ್ದು ತೆಗೆದದ್ದನ್ನು ಗಾಜಿನ ಬಟ್ಟಲಲ್ಲಿ ಹಾಕಿ ಹಿಂದಿನಿಂದ ಚಾಚುತ್ತಿದ್ದ; "ಮಸಿಚೀಲ" ಎಂದರೆ ಒಂದು ಬರಣಿ, "ಗಡ್ಡಿ" ಎಂದರೆ ಇನ್ನೊಂದು. ಗಡ್ಡೆಯೆಂದರೆ ಜೀರ್ಣಗ್ರಂಥಿ, ಹೊಟ್ಟೆಯ ಬಹುಭಾಗ ತುಂಬಿಕೊಂಡಿರುವ ಕಂದು ಬಣ್ಣದ ಮುದ್ದೆ. ಶಿವಪುತ್ರಪ್ಪ ಬಟ್ಟಲನ್ನು ಸ್ಪಿರಿಟ್ಟಿಗೆ ಬಗ್ಗಿಸಿ, ಚೀಟಿ ಬರೆದು ಅಂಟಿಸುತ್ತಿದ್ದ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಫಕೀರಪ್ಪ ಬಟ್ಟಲು ಚಾಚಲಿಲ್ಲ.

"ಸಾಹೇಬ್ರ, ಒಂದೀಟ ಹೊಳ್ಳಿ ನೋಡ್ರಲಾ. ಇದರ ಹೊಟ್ಟ್ಯಾಗ ಒಂದ ನಮೂನಿ ಐತ್ರಿ."

"ಬ್ಯಾಡಪಾ. ಬಟ್ಟಲ ಕೊಡು."

"ಸತ್ತು ಹೋಗೇತ್ರಿ ಇದು. ಸತ್ತದ್ದನ್ನ ನೋಡಿದ್ರ ಏನ ಪಾಪ ಬರ್ತೈತಿ?"

"ನನ್ನ ಪಾಪದ ಉಸಾಬರಿ ನಿನಗ್ಯಾಕ? ನೀ ನೋಡೀದಿಲ್ಲೋ, ಸಾಕು. ಇವತ್ತ ಇಪ್ಪತ್ತ ಆಗಬೇಕು."

"ಆಗ್ತಾವ ತಗೋರಿ," ಎಂದ ಫಕೀರಪ್ಪ. "ನೋಡೂದ ಬ್ಯಾಡಂದ್ರ ಇಪ್ಪತ್ತೇನು, ಮೂವತ್ತೂ ಆಗ್ತಾವ."

ಶಿವಪುತ್ರಪ್ಪ ನಕ್ಕುಬಿಟ್ಟ. ಎರಡು ವಾರಗಳಲ್ಲಿ ಇನ್ನೂರ ಹನ್ನೆರಡು ಕಡಲ ಮೊಲಗಳಾದವು.

ಪುಣೆಗೆ ಬಂದ ಮೇಲಿನ ಕೆಲಸ ಪೂರಾ ಅವನದು. ಅದರಲ್ಲಿ ಅವನಿಗೆ ಯಾರ ಹಂಗೂ ಇರಲಿಲ್ಲ. ಗಡ್ಡೆಯ ಸ್ಪಿರಿಟ್ಟನ್ನು ಇಳಿಸಿ, ಈಥರಿನಲ್ಲಿ ತೊಳೆದು, ವಾರಗಟ್ಟಲೆ ಸೋಸಿ, ಕೊನೆಗೆ ೧೯೩೬ರ ಆಗಸ್ಟಿನಲ್ಲಿ ಗಾಜಿನ ತಟ್ಟೆಯ ಅಂಚಿನಲ್ಲಿ ಬಿಳಿಯ ಸೂಜಿಯಂಥ ಹರಳು ಕಂಡ. ಕಾಯಿಸಿದ ತಾಮ್ರದ ತಂತಿಗೆ ಒಂದು ಹರಳು ಮುಟ್ಟಿಸಿ ಬರ್ನರಿನಲ್ಲಿ ಹಿಡಿದಾಗ ಉರಿ ಹಸಿರಾಯಿತು; ಬ್ರೋಮಿನ್ ಇದ್ದರೆ ಹಾಗಾಗುತ್ತದೆ. ಮುಂದಿನ ಪರೀಕ್ಷೆಗಳಲ್ಲಿ ಅದು ಬ್ರೋಮಿನ್ ಎಂದು ಖಚಿತವಾಯಿತು. ಹಾಗಿದ್ದರೆ ಬ್ರೋಮಿನ್ ಪ್ರಾಣಿಯದೋ, ಅದು ತಿಂದ ಪಾಚಿಯದೋ? ಶಿವಪುತ್ರಪ್ಪ ಈ ಪ್ರಶ್ನೆಯನ್ನು ಮರೆತಿರಲಿಲ್ಲ. ಕಡಲ ಮೊಲಗಳು ಕೂತಿದ್ದ ಬಂಡೆಗಳ ಹಸಿರು ಪಾಚಿಯನ್ನು ಒಣಗಿಸಿ ತಂದಿದ್ದ. ಅದನ್ನೂ ಅದೇ ಬಗೆಯಲ್ಲಿ ಸೋಸಿದ. ಹರಳಿಲ್ಲ, ಹಸಿರು ಉರಿಯಿಲ್ಲ. ಅಂದರೆ ಪ್ರಾಣಿಯೇ ಅದನ್ನು ಕಟ್ಟುತ್ತದೆ. ಪರಚುರೆಯವರು ಆ ದಿನ ಅವನ ಹೆಗಲ ಮೇಲೆ ಕೈಯಿಟ್ಟರು. ಅದುವರೆಗೆ ಯಾವ ವಿದ್ಯಾರ್ಥಿಗೂ ಹಾಗೆ ಮಾಡಿದವರಲ್ಲ.

ಪ್ರಬಂಧ ಬರೆಯುವಾಗ ಮೂವತ್ತೊಂದನೆಯ ಪುಟ ಬಂತು. ಪ್ರಾಣಿಗಳನ್ನು ಹೇಗೆ ಕೊಯ್ದೆ ಎಂದು ಅಲ್ಲಿ ಹೇಳಬೇಕು. ಗ್ರಂಥಾಲಯದಿಂದ ಜೀವಶಾಸ್ತ್ರದ ದಪ್ಪ ಪುಸ್ತಕ ತಂದು, ಚಿತ್ರ ನೋಡಿ, ಅವನು ಬರೆದ: "ಪ್ರಾಣಿಗಳನ್ನು ಪ್ರಬಂಧಕಾರನೇ ಕೊಯ್ದನು. ಕರುಳನ್ನು ಗ್ರಂಥಿಯಿಂದ ಬೇರ್ಪಡಿಸಿ, ಬಿಚ್ಚಿ ಪರೀಕ್ಷಿಸಲಾಯಿತು. ಅದರಲ್ಲಿ ಹಸಿರು ಪಾಚಿ ಕಂಡುಬಂದಿತು." ಇಂಗ್ಲಿಷಿನ ಆ ವಾಕ್ಯಗಳನ್ನು ಬರೆಯುವಾಗ ಅವನಿಗೆ ಸುಳ್ಳು ಹೇಳುತ್ತಿದ್ದೇನೆ ಅನಿಸಲಿಲ್ಲ. ಪ್ರಬಂಧಗಳಲ್ಲಿ ಹಾಗೆ ಬರೆಯುವುದು ರೂಢಿ ಅನಿಸಿತು.

೧೯೩೭ರ ಜುಲೈನಲ್ಲಿ ಮುಂಬಯಿಯಿಂದ ಪರೀಕ್ಷಕರು ಬಂದರು, ಡಾಕ್ಟರ್ ವಾಚಾ ಎಂಬ ಪಾರಸಿ ಗೃಹಸ್ಥರು. ಒಣಕಲು ಮೈ, ಮೆಲುಮಾತು. ಅವರು ಜೀವಶಾಸ್ತ್ರದವರೆಂದು ಶಿವಪುತ್ರಪ್ಪನಿಗೆ ಅಂದು ಬೆಳಿಗ್ಗೆ ತಿಳಿಯಿತು. ಪರಚುರೆಯವರ ಕೋಣೆಯಲ್ಲಿ ಮೌಖಿಕ ಪರೀಕ್ಷೆ. ಒಂದು ಗಂಟೆ ರಸಾಯನದ ಮೇಲೆ ಮಾತಾಯಿತು. ವಾಚಾ ಮೂರು ಸಲ "ಚೆನ್ನಾಗಿದೆ" ಎಂದರು. ಆಮೇಲೆ ಮೂವತ್ತೊಂದನೆಯ ಪುಟಕ್ಕೆ ಬಂದರು.

"ಕರುಳಲ್ಲಿ ಹಸಿರು ಪಾಚಿ ಕಂಡಿತೆಂದು ಬರೆದಿದ್ದೀರಿ. ನೀವೇ ನೋಡಿದಿರಾ?"

"ಹೌದು, ಸರ್."

"ಎಲ್ಲದರಲ್ಲೂ?"

"ಎಲ್ಲದರಲ್ಲೂ, ಸರ್."

"ವಿಚಿತ್ರ," ಎಂದರು ವಾಚಾ, ಸಂಶಯಪಡುವವರ ಹಾಗಲ್ಲ, ನಿಜವಾಗಿ ಆಶ್ಚರ್ಯಪಡುವವರ ಹಾಗೆ. "ನಾನು ಮುಂಬಯಿಯಲ್ಲಿ ಇದೇ ಜಾತಿಯದನ್ನು ಹತ್ತಾರು ಕೊಯ್ದಿದ್ದೇನೆ. ಕೂರುವುದು ಎಲ್ಲೇ ಇರಲಿ, ಹೊಟ್ಟೆಯಲ್ಲಿರುವುದು ಕೆಂಪು ಪಾಚಿ. ಮಾಲವಣದವು ಬೇರೆ ಇರಬಹುದು. ಇಡೀ ಪ್ರಾಣಿ ಏನಾದರೂ ಉಳಿದಿದೆಯೇ?"

ಫಾರ್ಮಲಿನ್ನಿನಲ್ಲಿಟ್ಟ ಆರು ಉಳಿದಿದ್ದವು. ಪರಚುರೆಯವರು ಹೇಳಿಕಳಿಸಿದರು. ಫಕೀರಪ್ಪ ಬರಣಿ, ಹಲಗೆ, ಚಾಕಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ಬಾಗಿಲ ಬಳಿ ನಿಂತ. ವಾಚಾ ಕೋಟಿನ ತೋಳು ಮಡಚಿ ತಾವೇ ಕೊಯ್ದರು. ಈ ಸಲ ಶಿವಪುತ್ರಪ್ಪನಿಗೆ ಬೆನ್ನು ತಿರುಗಿಸಲು ಜಾಗವಿರಲಿಲ್ಲ. ಕಂದು ಮುದ್ದೆಯೊಳಗೆ ಕರುಳು ಸುತ್ತು ಸುತ್ತಾಗಿ ಹೂತುಕೊಂಡಿತ್ತು. ಪುಸ್ತಕದ ಚಿತ್ರದಲ್ಲಿ ಇದ್ದಂತೆ ಪಕ್ಕದಲ್ಲಿ ಬೇರೆಯಾಗಿ ಇರಲಿಲ್ಲ. ವಾಚಾ ಅದನ್ನು ಸೀಳಿದರು. ಒಳಗಿಂದ ಬಂದದ್ದು ಅರೆಬರೆ ನುರಿದ ಪಾಚಿ, ಫಾರ್ಮಲಿನ್ನಿನಲ್ಲಿ ಬಣ್ಣ ಮಾಸಿದ್ದರೂ ಕೆಂಪೆಂದು ಕುರುಡನಿಗೂ ತಿಳಿಯುವಂಥದು. ಇನ್ನೊಂದನ್ನು ಕೊಯ್ದರು. ಅದೂ ಹಾಗೆಯೇ.

"ಇದನ್ನು ಗ್ರಂಥಿಯಿಂದ ಬಿಡಿಸಬೇಕಾದರೆ ಒಂದೊಂದಕ್ಕೆ ಅರ್ಧ ಗಂಟೆಯಾದರೂ ಬೇಕು," ಎಂದರು ವಾಚಾ. "ನೀವು ದಿನಕ್ಕೆ ಇಪ್ಪತ್ತು ಕೊಯ್ದಿದ್ದೀರಿ. ಹೇಗೆ ಬಿಡಿಸಿದಿರಿ?"

ಬಿಡಿಸಿರಲಿಲ್ಲ. ಗಡ್ಡೆ, ಕರುಳು, ಕರುಳಿನೊಳಗಿನ ಕೆಂಪು ಪಾಚಿ ಎಲ್ಲವೂ ಒಂದೇ ಬರಣಿಗೆ ಹೋಗಿದ್ದವು. ಅವನು ಬೇರೆಯಾಗಿ ಪರೀಕ್ಷಿಸಿದ್ದು ಹಸಿರು ಪಾಚಿಯನ್ನು ಮಾತ್ರ. ಆ ಹರಳು ಪ್ರಾಣಿಯದೋ ಪಾಚಿಯದೋ ಎಂದು ಹೇಳುವ ದಾರಿಯೇ ಉಳಿದಿರಲಿಲ್ಲ. ಇದೆಲ್ಲ ಶಿವಪುತ್ರಪ್ಪನಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಆದರೆ ಅವನ ಬಾಯಿಂದ ಬಂದದ್ದು ಬೇರೆ.

"ಸರ್, ಕೊಯ್ಯುವ ಕೆಲಸದಲ್ಲಿ ಹಮಾಲನ ಸಹಾಯ ತೆಗೆದುಕೊಂಡಿದ್ದೆ. ಕರುಳು ಬಿಡಿಸಿ ತೆಗೆಯಬೇಕೆಂದು ಅವನಿಗೆ ಸ್ಪಷ್ಟವಾಗಿ ಹೇಳಿದ್ದೆ. ಅವನು ಅದರಂತೆ ಮಾಡಿದ ಹಾಗೆ ಕಾಣುವುದಿಲ್ಲ."

ಪರಚುರೆಯವರು ಬಾಗಿಲ ಕಡೆ ತಿರುಗಿದರು. ಮರಾಠಿಯಲ್ಲಿ ಕೇಳಿದರು: "ಏನೋ ಫಕೀರಾ, ಸಾಹೇಬರು ಕರುಳು ತೆಗೆ ಅಂತ ಹೇಳಿದ್ದರೋ ಇಲ್ಲವೋ?"

ಹದಿನೈದು ವರ್ಷ ಆ ಕಟ್ಟಡದಲ್ಲಿದ್ದವನಿಗೆ ಇಂಗ್ಲಿಷು ಅಷ್ಟಿಷ್ಟು ಗೊತ್ತಿತ್ತು. ಫಕೀರಪ್ಪ ಶಿವಪುತ್ರಪ್ಪನ ಮುಖ ನೋಡಿದ. ಬಹಳ ಹೊತ್ತೇನಲ್ಲ. ನಂತರ ಹಲಗೆಯ ಮೇಲಿನ ಕಡಲ ಮೊಲ ನೋಡಿದ.

"ಚೂಕ ಝಾಲಿ, ಸಾಹೇಬ," ಎಂದ. ತಪ್ಪಾಯಿತು ಎಂದು ಅರ್ಥ.

ಪ್ರಬಂಧ ವಾಪಸಾಯಿತು: ಕರುಳು ಬಿಡಿಸಿದ ಗ್ರಂಥಿಗಳಿಂದ ಕೆಲಸ ಪುನಃ ಮಾಡಿ ಒಂದು ವರ್ಷದಲ್ಲಿ ಒಪ್ಪಿಸತಕ್ಕದ್ದು, ಸಂಶೋಧಕನ ಶ್ರದ್ಧೆ ಮೆಚ್ಚತಕ್ಕದ್ದು ಎಂದು ವಾಚಾ ಬರೆದರು. ಫಕೀರಪ್ಪನ ಉಡದಾರದ ಕೀಲಿಕೈ ಅದೇ ಸಂಜೆ ಬಿಚ್ಚಿಸಿಕೊಂಡರು. ಅವನನ್ನು ಕಾಲೇಜಿನ ತೋಟಕ್ಕೆ ಹಾಕಿದರು, ನೀರು ಹೊರುವುದಕ್ಕೆ. ಮಾರನೆಯ ದಿನವೇ ಹುಡುಗರು ಅವನಿಗೆ "ಆತಡೀ ಫಕೀರ" ಎಂದು ಹೆಸರಿಟ್ಟರು. ಆತಡೀ ಎಂದರೆ ಮರಾಠಿಯಲ್ಲಿ ಕರುಳು.

ಮೂರನೆಯ ದಿನ ಮುರುಗೆಪ್ಪನವರ ಹೆಂಡತಿ, ಕಾಕಿ ಕಲ್ಲವ್ವ, ಜೋಳದ ರೊಟ್ಟಿ ಶಿವಪುತ್ರಪ್ಪನ ತಾಟಿನಲ್ಲಿ ಹಾಗೇ ಉಳಿದದ್ದನ್ನು ನೋಡಿ ಎದುರಿಗೆ ಕೂತಳು.

"ಪರೀಕ್ಷಾದಾಗ ಫೇಲಾದ್ಯೇನು? ಆದ್ರ ಆಗವಲ್ದ್ಯಾಕ. ಮೆಣಸಿನಕಾಯಿ ಚೀಲ ಎಣಸಾಕ ಡಿಗ್ರಿ ಬೇಕಾಗೂದಿಲ್ಲ."

"ಫೇಲ ಆಗಿಲ್ಲ, ಚಿಗವ್ವಾ."

"ಮತ್ತ? ಯಾರರ ಸತ್ತಾರೇನು?"

ಅವನು ಅಷ್ಟಷ್ಟಾಗಿ ಹೇಳಿದ. ಎರಡು ವರ್ಷ ಅವಳಿಗೆ "ಕಡಲಾಗಿನ ಬಣ್ಣದ ಕೆಲಸ" ಎಂದಷ್ಟೇ ಹೇಳಿದ್ದ. ಈಗ ಪ್ರಾಣಿ, ಚಾಕು, ಬೆನ್ನು ತಿರುಗಿಸಿ ಕೂತದ್ದು ಎಲ್ಲ ಹೊರಬಂತು. ಕೊನೆಯ ಮಾತು, ಬಾಗಿಲ ಬಳಿ ನಿಂತವನ ಮೇಲೆ ಹೊರಿಸಿದ ಮಾತು, ನಾಲಗೆಗೆ ಬರಲಿಲ್ಲ. ಅದನ್ನು ನುಂಗಿದ. ಕಲ್ಲವ್ವ ಪ್ರಾಣಿಯ ಸುದ್ದಿಗೆ ಮುಖ ಸಿಂಡರಿಸಿದಳು. ಆಮೇಲೆ ಕೇಳಿದಳು:

"ನೋಡಬಾರದು ಅಂತ ನಿನಗ ಹೇಳಿದವ್ರ ಯಾರು?"

"ಯಾರೂ ಹೇಳಿಲ್ಲ. ಲಿಂಗ ಹಿಡಿಯೂ ಕೈ ಅಂತ..."

"ಕೊಯ್ಯೂದು ಪಾಪ ಆದ್ರ, ಕೊಯ್ಸೂದು ಏನು? ಆ ಫಕೀರಪ್ಪಗೇನ ಕೈ ಇಲ್ಲೇನು? ಪಾಪ ಅವನ ಕೈಗೆ, ಹೆಸರು ನಿನ್ನ ಕೈಗೆ. ಚಂದ ಹಂಚಿಕೊಂಡೀರಿ." ತಾಟು ಎತ್ತಿಕೊಂಡು ಎದ್ದಳು. "ಎದ್ದ ಕೈ ತೊಳಕೊ."

ಅವನು ಮರುದಿನ ತೋಟಕ್ಕೆ ಹೋದ. ಮಳೆ ನಿಂತಿತ್ತು. ಮಳೆಗಾಲದಲ್ಲಿ ತೋಟಕ್ಕೆ ನೀರು ಹೊರುವ ಕೆಲಸವೇ ಇರುವುದಿಲ್ಲ. ಫಕೀರಪ್ಪನನ್ನು ಹುಲ್ಲು ಕೀಳಲು ಹಚ್ಚಿದ್ದರು. ಅವನು ಕುಕ್ಕರುಗಾಲಲ್ಲಿ ಕೂತು, ಬೇರು ಹರಿಯದಂತೆ, ಎರಡು ಬೆರಳಲ್ಲಿ ಒಂದೊಂದೇ ಕಿತ್ತು ಸಾಲಾಗಿ ಇಡುತ್ತಿದ್ದ.

"ಫಕೀರಪ್ಪ, ತಪ್ಪ ನಂದು," ಎಂದ ಶಿವಪುತ್ರಪ್ಪ.

"ಹೌದ್ರಿ."

ಇಷ್ಟು ಸರಳವಾಗಿ ಒಪ್ಪುತ್ತಾನೆಂದು ಅವನು ಎಣಿಸಿರಲಿಲ್ಲ. "ಅಂದ ಮ್ಯಾಲ ನೀ ಯಾಕ ಸುಮ್ಮಾದಿ? ಸಾಹೇಬ್ರು ಹೇಳಿಲ್ಲ ಅಂತ ಅನ್ನಬೇಕಿಲ್ಲೋ?"

"ಹಂಗಂದ್ರ ಯಾರ ಮಾತು ನಡೀತಿತ್ತು? ನಿಮ್ಮದೋ, ನಂದೋ?" ಫಕೀರಪ್ಪ ಕೈ ನಿಲ್ಲಿಸಲಿಲ್ಲ. "ಮ್ಯಾಲ ನಂದೂ ತಪ್ಪೈತ್ರಿ. ಕರುಳ ಒಳಗ ಹೊಕ್ಕೊಂಡಿದ್ದು ನನಗ ಮಾಲವಣದಾಗನ ಕಂಡಿತ್ತು. ತೋರಸಾಕ ಬಂದೆ, ನೀವು ಒಲ್ಲೆ ಅಂದ್ರಿ. ನನಗೂ ಸಿಟ್ಟ ಬಂತು. ನೋಡೂದ ಬ್ಯಾಡಂದ್ರ ಹಂಗ ಹಾಕೂಣು, ನನಗೇನಂತ ಹಾಕಿದೆ. ಹದಿನೈದು ವರ್ಷದಾಗ ಹಂಗ ಹೊಲಸ ಕೆಲಸ ಮಾಡಿದವ ಅಲ್ಲ ನಾ. ಅದು ನನಗ ಭಾಳ ಹತ್ತೇತಿ."

"ನಂದ ತಪ್ಪಂತ ನಿನಗ ಹೇಳಾಕ ಬಂದೆ."

"ನನ್ನ ಮುಂದ ಹೇಳಿ ಏನ ಮಾಡ್ತೀರಿ, ಸಾಹೇಬ್ರ? ಇದು ನಮ್ಮಿಬ್ಬರಿಗೂ ಗೊತ್ತಿದ್ದದ್ದ. ಗೊತ್ತಿಲ್ಲದವ್ರು ಮ್ಯಾಲ ಅದಾರ."

ಪರಚುರೆಯವರ ಕೋಣೆಗೆ ಹೋಗಲು ಅವನಿಗೆ ಎಂಟು ದಿನ ಹಿಡಿಯಿತು. ಎಂಟು ದಿನವೂ ಕಾಲೇಜಿಗೆ ಹಿಂದಿನ ಗೇಟಿನಿಂದ ಬಂದ. ಮುಂದಿನ ಗೇಟಿಗೆ ತೋಟ ಹತ್ತಿತ್ತು. ತನ್ನನ್ನು ನೋಡಿ ಫಕೀರಪ್ಪ ನಮಸ್ಕಾರ ಮಾಡಿದರೆ ಏನು ಮಾಡುವುದೆಂಬುದೇ ಹೆದರಿಕೆ. ಒಂಬತ್ತನೆಯ ದಿನ ಹೋಗಿ ಹೇಳಿದ: ನಾನು ಕೊಯ್ಯಲಿಲ್ಲ, ನೋಡಲಿಲ್ಲ, ಮೂವತ್ತೊಂದನೆಯ ಪುಟದಲ್ಲಿ ಬರೆದದ್ದು ಸುಳ್ಳು.

ಪರಚುರೆಯವರು ಕನ್ನಡಕ ತೆಗೆದು ಒರೆಸಿದರು. "ಇದು ಯಾರಿಗೆ ಬೇಕು, ಶಿವಪುತ್ರಪ್ಪ? ನಿಮಗೆ ಒಂದು ವರ್ಷ ಸಿಕ್ಕಿದೆ. ಕೆಲಸ ಪುನಃ ಮಾಡಿ, ಆ ಪುಟ ತಿದ್ದಿ ಬರೆಯಿರಿ, ಮುಗಿಯಿತು. ವಾಚಾ ಒಳ್ಳೆಯ ಮಾತು ಬರೆದು ಹೋಗಿದ್ದಾರೆ. ಸುಳ್ಳು ಬರೆದೆ ಅಂತ ನೀವೇ ಹೇಳಿದರೆ ಪ್ರಬಂಧ ಪೂರಾ ಹೋಗುತ್ತದೆ. ನನ್ನ ಹೆಸರೂ ಅದರ ಮೇಲಿದೆ."

"ಫಕೀರಪ್ಪ?"

"ಅವನ ಸಂಬಳವೇನೂ ಕಡಿಮೆಯಾಗಿಲ್ಲವಲ್ಲ."

ಅದು ನಿಜ. ಸಂಬಳ ಒಂದಾಣೆಯೂ ಕಡಿಮೆಯಾಗಿರಲಿಲ್ಲ. ಶಿವಪುತ್ರಪ್ಪ ಬಾಗಿಲವರೆಗೆ ಹೋಗಿ ನಿಂತು, ಶನಿವಾರದ ವಿಭಾಗದ ಸಭೆಯಲ್ಲಿ ಒಂದು ಹೇಳಿಕೆ ಓದಲು ಅಪ್ಪಣೆ ಬೇಕೆಂದ. ಪರಚುರೆಯವರು ಕನ್ನಡಕ ಹಾಕಿಕೊಂಡರು. "ನಿಮ್ಮ ಇಷ್ಟ," ಎಂದರು.

ಶನಿವಾರ ಮಧ್ಯಾಹ್ನ ಮೂರಕ್ಕೆ ಸಭೆ. ಎರಡೂ ವಿಭಾಗಗಳ ಪ್ರೊಫೆಸರರು, ಡೆಮಾನ್‌ಸ್ಟ್ರೇಟರುಗಳು, ಎಂ.ಎಸ್ಸಿ. ಹುಡುಗರು, ಒಟ್ಟು ಹದಿನೇಳು ಜನ. ಶಿವಪುತ್ರಪ್ಪ ಎದ್ದು ನಿಂತು, ಆರು ಸಲ ಬರೆದು ಹರಿದು ಏಳನೆಯ ಸಲ ಬರೆದ ಇಂಗ್ಲಿಷ್ ಹಾಳೆ ಓದಿದ. ಪ್ರಾಣಿಗಳನ್ನು ಪ್ರಬಂಧಕಾರನು ಕೊಯ್ದಿರುವುದಿಲ್ಲ. ಗ್ರಂಥಿಯನ್ನು ಕರುಳಿನಿಂದ ಬೇರ್ಪಡಿಸಿರುವುದನ್ನು ಅವನು ಸ್ವತಃ ಖಚಿತಪಡಿಸಿಕೊಳ್ಳಲಿಲ್ಲ. ಕರುಳಿನ ಒಳಗಿನ ಪದಾರ್ಥದ ಬಗೆಗಿನ ಹೇಳಿಕೆಗೆ ಆಧಾರವಿಲ್ಲ. ಈ ಲೋಪಕ್ಕೆ ಸಹಾಯಕನು ಹೊಣೆಗಾರನಲ್ಲ. ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಗಿದೆ.

ಓದಿ ಮುಗಿದಾಗ ಕಡೆಯ ಸಾಲಿನಲ್ಲಿ ಯಾರೋ ಕೆಮ್ಮಿದರು. ಜೀವಶಾಸ್ತ್ರದ ಪ್ರೊಫೆಸರರು, "ಧೈರ್ಯದ ಕೆಲಸ, ಯುವಕ," ಎಂದರು. ಪರಚುರೆಯವರು ಮುಂದಿನ ವಿಷಯ ಎತ್ತಿಕೊಂಡರು: ಗ್ಯಾಸಿನ ಕೊಳವೆಗಳ ರಿಪೇರಿ.

ಶಿವಪುತ್ರಪ್ಪ ಹೊರಗೆ ಬಂದ. ಎದೆ ಹಗುರವಾದಂತಿತ್ತು. ಧೈರ್ಯದ ಕೆಲಸ ಎಂಬ ಮಾತು ಕಿವಿಯಲ್ಲಿತ್ತು. ವರಾಂಡದ ಕೊನೆಯಲ್ಲಿ, ತೋಟದಿಂದ ಕರೆಸಿಕೊಂಡಿದ್ದ ಫಕೀರಪ್ಪ ಸಭೆಯವರಿಗಾಗಿ ಚಹಾದ ಕೆಟಲು ಹಿಡಿದು ನಿಂತಿದ್ದ. ಹಮಾಲರಿಗೆ ಒಳಗೆ ಪ್ರವೇಶವಿರಲಿಲ್ಲ.

"ಏನ ಓದಿದ್ರಿ, ಸಾಹೇಬ್ರ? ನನ್ನ ಹೆಸರೇನರ ಬಂತೇನು?"

ಹೆಸರು ಬಂದಿರಲಿಲ್ಲ. ಶಿವಪುತ್ರಪ್ಪ ಹಾಳೆ ಬಿಚ್ಚಿದ. "ಹೇಳತೀನಿ ಕೇಳು," ಎಂದು ಮೊದಲ ವಾಕ್ಯ ಕನ್ನಡಕ್ಕೆ ತರಲು ಹೋದ. ಪ್ರಬಂಧಕಾರನು ಎನ್ನಲು ಬಾಯಿ ಬರಲಿಲ್ಲ. ಫಕೀರಪ್ಪನ ಮುಂದೆ ನಿಂತು ಯಾವ ಪ್ರಬಂಧಕಾರ?

"ನಾ ಕೊಯ್ದಿಲ್ಲ ಅಂತ ಓದಿದೆ."

"ಹ್ಞೂಂ."

"ನಾ ನೋಡ್ಲಿಲ್ಲ ಅಂತನೂ."

"ನಾ ತೋರಸಾಕ ಬಂದಿದ್ದು?"

ಶಿವಪುತ್ರಪ್ಪ ಹಾಳೆಯ ಮೇಲೆ ಕಣ್ಣಾಡಿಸಿದ. ಇಲ್ಲವೆಂದು ಗೊತ್ತಿದ್ದರೂ ಹುಡುಕಿದ. "ಅದನ್ನ... ಸ್ವತಃ ಖಾತ್ರಿ ಮಾಡಿಕೊಳ್ಳಲಿಲ್ಲ ಅಂತ ಬರದೀನಿ."

"ಅಂದ್ರ ತೋರಸಾಕ ಬಂದಿದ್ದು ಬಂದಿಲ್ಲ."

"ಇಲ್ಲ."

ಫಕೀರಪ್ಪ ಕೆಟಲನ್ನು ಕಟ್ಟೆಯ ಮೇಲಿಟ್ಟ. ಕೊಯ್ದ ಪ್ರಾಣಿಯ ಭಾಗಗಳನ್ನು ಒಂದೊಂದಾಗಿ ತೋರಿಸುವಾಗ ಇರುತ್ತಿದ್ದ ಅದೇ ದನಿ. "ಆ ಪಾರಸಿ ಸಾಹೇಬ್ರ ಮುಂದ, 'ಕರುಳ ತಗಿ ಅಂತ ನಾ ಹಮಾಲಗ ಹೇಳಿದ್ದೆ' ಅಂದ್ರೆಲಾ, ಅದು ಬಂತೇನ್ರಿ?"

ವರಾಂಡದ ಆಚೆ ಮಳೆ ಹನಿಯಲು ಶುರುವಾಗಿತ್ತು. ಶಿವಪುತ್ರಪ್ಪನ ಕಿವಿಗಳು ಬಿಸಿಯಾದವು, ಕುತ್ತಿಗೆಯವರೆಗೆ ಆ ಬಿಸಿ ಇಳಿಯಿತು. ಏಳು ಸಲ ಬರೆದಿದ್ದ. ಏಳರಲ್ಲಿ ಒಂದರಲ್ಲೂ ಆ ಮಾತು ಬಂದಿರಲಿಲ್ಲ. ಮರೆತದ್ದಲ್ಲ. ಪ್ರತಿ ಸಲ ಲೇಖನಿ ಅದರ ಹತ್ತಿರ ಹೋಗಿ ಸುತ್ತು ಹಾಕಿಕೊಂಡು ಮುಂದೆ ಸರಿದಿತ್ತು. ನೋಡದೇ ಇದ್ದದ್ದನ್ನು ಹದಿನೇಳು ಜನರ ಮುಂದೆ ಹೇಳಬಹುದಿತ್ತು. ಹೇಳಿ ಧೈರ್ಯವಂತ ಅನಿಸಿಕೊಳ್ಳಬಹುದಿತ್ತು. ಬಾಗಿಲ ಬಳಿ ನಿಂತವನ ಮೇಲೆ, ಅವನ ಕಣ್ಣೆದುರಿಗೇ, ಇಲ್ಲದ ಮಾತು ಹೊರಿಸಿದ್ದನ್ನು ಮಾತ್ರ ಹೇಳಲಾಗುತ್ತಿರಲಿಲ್ಲ. ಕಾಕಿಗೂ ಹೇಳಿರಲಿಲ್ಲ. ಪರಚುರೆಯವರಿಗೂ ಹೇಳಿರಲಿಲ್ಲ.

"ಇಲ್ಲ, ಫಕೀರಪ್ಪ. ಅದು ಬಂದಿಲ್ಲ."

"ಹಂಗಾರ ಅವರ ಲೆಕ್ಕದಾಗ ನೀವು ಹೇಳಿದ್ರಿ, ನಾ ಮಾಡ್ಲಿಲ್ಲ. ನೀವು ಪರೀಕ್ಷಾ ಮಾಡಿ ನೋಡ್ಲಿಲ್ಲ, ಅಷ್ಟ. ದೊಡ್ಡ ಮನಸ್ಸ ಮಾಡಿ ಹೊಣಿ ನಿಮ್ಮ ಮ್ಯಾಲ ತಗೊಂಡ್ರಿ." ಫಕೀರಪ್ಪ ಕೆಟಲನ್ನು ಮತ್ತೆ ಕೈಗೆತ್ತಿಕೊಂಡ. "ಚಹಾ ಆರತೈತಿ. ನಾ ಒಳಗ ಹೋಗ್ಲಿ ಬಿಡ್ರಿ."

ಸಭೆ ಮುಗಿದು ಕುರ್ಚಿಗಳು ಸರಿಯುವ ಸಪ್ಪಳ ಕೇಳಿಸಿತು. ಚಹಾ ಕೊಡುವ ಹೊತ್ತಿಗೆ ಮಾತ್ರ ಹಮಾಲನಿಗೆ ಒಳಗೆ ಬರಲು ಅಪ್ಪಣೆ. ಫಕೀರಪ್ಪ ಮುಂದೆ, ಅವನ ಹಿಂದೆ ಶಿವಪುತ್ರಪ್ಪ. ಜನ ಗುಂಪುಗುಂಪಾಗಿ ನಿಂತು ನಗುತ್ತ ಮಾತಾಡುತ್ತಿದ್ದರು. ಪರಚುರೆಯವರು ಪಗಡಿ ಸರಿಮಾಡಿಕೊಳ್ಳುತ್ತಿದ್ದವರು ಅವನನ್ನು ಕಂಡು, "ಮತ್ತೇನು?" ಎಂದರು.

"ಸರ್, ಒಂದು ಮಾತು ಉಳಿದಿದೆ," ಎಂದ ಶಿವಪುತ್ರಪ್ಪ. ಇಂಗ್ಲಿಷಿನಲ್ಲಿ ಶುರುಮಾಡಿದವನು ನಿಲ್ಲಿಸಿ ಮರಾಠಿಗೆ ಹೊರಳಿದ. ಅವನ ಮರಾಠಿಗೆ ಕನ್ನಡದ ಎಳೆತವಿತ್ತು. ಹುಡುಗರು ಅದನ್ನು ಅಣಕಿಸುತ್ತಿದ್ದರೆಂದು ಸಭೆಗಳಲ್ಲಿ ಅವನು ಎಂದೂ ಮರಾಠಿ ಆಡಿದವನಲ್ಲ. ಈಗ ಎರಡು ಗುಂಪುಗಳು ಮಾತು ನಿಲ್ಲಿಸಿದವು, ಮೂರನೆಯದೂ ನಿಲ್ಲಿಸಿತು.

"ಈ ಫಕೀರಪ್ಪ ತಳವಾರ ನನಗೆ ಆ ಕರುಳು ತೋರಿಸಲು ಬಂದಿದ್ದ. ನಾನು ಮುಖ ತಿರುಗಿಸಿದೆ. ಕರುಳು ಬಿಡಿಸಲು ನಾನು ಇವನಿಗೆ ಹೇಳಿರಲಿಲ್ಲ. ಹೇಳಿದ್ದೆ ಎಂದು ಡಾಕ್ಟರ್ ವಾಚಾ ಅವರ ಮುಂದೆ ಸುಳ್ಳು ಹೇಳಿದೆ, ನನ್ನ ಡಿಗ್ರಿ ಉಳಿಯಲಿ ಎಂದು."

ಈ ಸಲ ಯಾರೂ ಧೈರ್ಯದ ಕೆಲಸ ಎನ್ನಲಿಲ್ಲ. ಜೀವಶಾಸ್ತ್ರದ ಪ್ರೊಫೆಸರರು ಬೇರೆ ಕಡೆ ನೋಡಿದರು. ಒಬ್ಬ ಡೆಮಾನ್‌ಸ್ಟ್ರೇಟರು ಇನ್ನೊಬ್ಬನ ಕಿವಿಯಲ್ಲಿ ಏನೋ ಅಂದ, ಆತ ತುಟಿ ಕಚ್ಚಿಕೊಂಡ. ಪರಚುರೆಯವರ ಮುಖದಲ್ಲಿ ಸಿಟ್ಟಿರಲಿಲ್ಲ. ಅಸಹ್ಯವಿತ್ತು, ಅದನ್ನು ಅವರು ಬಚ್ಚಿಡಲೂ ಹೋಗಲಿಲ್ಲ. ಶಿವಪುತ್ರಪ್ಪ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ, ಯಾವುದರಿಂದಲೂ ಕಣ್ಣು ಕೀಳಲಿಲ್ಲ. ಎದೆ ಹಗುರವಾಗಲಿಲ್ಲ.

ಫಕೀರಪ್ಪ ಬಾಗಿಲ ಬಳಿಯಿಂದ ಶುರುಮಾಡಿ ಸಾಲಾಗಿ ಕಪ್ಪುಗಳಿಗೆ ಚಹಾ ಬಗ್ಗಿಸುತ್ತ ಬಂದ. ಶಿವಪುತ್ರಪ್ಪನ ಸರದಿ ಬಂದಾಗ ಅವನಿಗೂ ಬಗ್ಗಿಸಿದ, ಬೇರೆಯವರಿಗೆ ಬಗ್ಗಿಸಿದಷ್ಟೇ.